ಬಿಟ್ಟಿಯ ಬೀಜ ಬಾದಾಮಿಯಲ್ಲ

ನಾನು ಧಾರವಾಡದವಳು, ಪುಣೆಗೆ ಬಂದು 22 ವರ್ಷ ಆಯ್ತು. ಇವತ್ತು ಒಂದು ಗಿಡದ ಬಗ್ಗೆ ಹೇಳಬೇಕು. ನೀವು ಮುಂಬಯಿಯಲ್ಲಿರಿ, ಹೈದರಾಬಾದಿನಲ್ಲಿರಿ, ನಿಮ್ಮ ಸೊಸೈಟಿಯ ಕಾಂಪೌಂಡಿನಲ್ಲೂ ಇದು ಇದ್ದೀತು. ಗಂಟೆಯಂಥ ಹಳದಿ ಹೂವು, ಉದ್ದನೆ ಸಣ್ಣ ಎಲೆ. ನಾವು ಕಾಡು ಕಣಗಿಲೆ ಅಂತೀವಿ, ಮರಾಠಿಯವರು ಬಿಟ್ಟಿ ಅಂತಾರೆ. ಶಿವನ ಪೂಜೆಗೆ ಈ ಹೂವು ನಾನೇ ಎಷ್ಟೋ ಸಲ ಕೊಯ್ದಿದ್ದೇನೆ. ಕಾಯಿಯೊಳಗೆ ಮೂರು ಮೂಲೆಯ ಗಟ್ಟಿ ಗೊರಟೆ. ಮಕ್ಕಳು ಅದನ್ನ ಗೋಟಿಯ ಹಾಗೆ ಆಡ್ತಾರೆ.

ಹೋದ ವರ್ಷ ನನ್ನ ಮೊಮ್ಮಗ, ಆರು ವರ್ಷದವನು, ಆ ಗೊರಟೆ ಒಡೆದು ಒಳಗಿನ ಬೀಜ ಅಗಿದುಬಿಟ್ಟ. "ಅಜ್ಜಿ, ಬಾದಾಮಿ ಅನ್ಕೊಂಡೆ, ಕಹಿ ಐತಿ" ಅಂತ ಓಡಿ ಬಂದ. ನನಗೆ ತೋಚಿದ್ದು ಒಂದೇ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು. ನಮ್ಮವ್ವ ಹಾಗೇ ಮಾಡ್ತಿದ್ದಳು. ಸೊಸೆ ಲೋಟ ಕಸಿದುಕೊಂಡಳು. "ಬ್ಯಾಡ್ರಿ ಅತ್ತಿ, ಮೊದ್ಲ ದವಾಖಾನಿಗೆ ಹೋಗೂಣು." ಅವಳು ಹೇಳಿದ್ದೇ ಸರಿ. ಉಪ್ಪುನೀರಿನಿಂದ ಮಗುವಿನ ರಕ್ತದಲ್ಲಿ ಸೋಡಿಯಂ ಏರಿ ಜೀವಕ್ಕೇ ಕುತ್ತು ಬರಬಹುದು, ವಾಂತಿ ಶ್ವಾಸಕೋಶಕ್ಕೂ ಇಳಿಯಬಹುದು. ಬಾಯಿ ತೊಳೆಸಿ, ಉಳಿದ ಗೊರಟೆಯನ್ನೂ ಒಂದು ಟೊಂಗೆಯನ್ನೂ ಕವರಿನಲ್ಲಿ ಹಾಕಿಕೊಂಡು ಆಟೋ ಹತ್ತಿದೆವು.

ದಾರಿಯಲ್ಲಿ ಹುಡುಗ ನಗ್ತಾ ಇದ್ದ. ಅದು ನನಗೆ ಧೈರ್ಯ ಕೊಟ್ಟಿತು, ತಪ್ಪು ಧೈರ್ಯ. ಡಾಕ್ಟರು ಮೊದಲು ಕೇಳಿದ್ದು, ನುಂಗಿದನೋ ಅಗಿದನೋ ಅಂತ. ಹರಳು, ಗುಲಗಂಜಿಯನ್ನ ಇಡಿಯಾಗಿ ನುಂಗಿದರೆ ಎಷ್ಟೋ ಸಲ ಹಾಗೇ ಹೊರಗೆ ಹೋಗ್ತದೆ. ಅಗಿದರೆ ವಿಷ ಮೈಗೆ ಸೇರ್ತದೆ. ಕಾಡು ಕಣಗಿಲೆಯ ಬೀಜದಲ್ಲಿರೋ ಥೆವೆಟಿನ್ ನೇರ ಹೃದಯದ ಮೇಲೆ ಕೆಲಸ ಮಾಡ್ತದೆ, ಹೃದ್ರೋಗಿಗಳು ತಗೊಳ್ಳೋ ಡಿಜಾಕ್ಸಿನ್ ಮಾತ್ರೆಯ ಹಾಗೆ. ಎದೆಬಡಿತ ಕೆಡೋದು ಎಷ್ಟೋ ಗಂಟೆ ಆದಮೇಲೂ ಇರಬಹುದು. ಅದಕ್ಕೇ ಇಸಿಜಿ ಹಚ್ಚಿದರು, ಪೊಟ್ಯಾಸಿಯಂ ನೋಡಿದರು, ಔಷಧದ ಇದ್ದಿಲು ಪುಡಿ ಕಲಸಿ ಕುಡಿಸಿದರು. ರಾತ್ರಿ ಎರಡಕ್ಕೆ ಬಡಿತ 58ಕ್ಕೆ ಇಳೀತು. ಅಟ್ರೊಪಿನ್ ಇಂಜೆಕ್ಷನ್ ಕೊಟ್ಟರು. ನಾನು ಆ ಪರದೆಯ ಅಂಕಿ ಬಿಟ್ಟು ಬೇರೇನೂ ನೋಡಲಿಲ್ಲ. ಮೂರನೇ ದಿನ ಮನೆಗೆ ಬಂದ.

ದಿಲ್ಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ, ಹಗಲೂ ರಾತ್ರಿ ಫೋನಿನಲ್ಲಿ ಸಲಹೆ ಕೊಡ್ತಾರೆ. ಅದರ ನಂಬರು ಈಗ ನಮ್ಮ ಫ್ರಿಜ್ ಮೇಲಿದೆ.

ಸೊಸೈಟಿ ಮೀಟಿಂಗಿನಲ್ಲಿ ಗಿಡ ಕಡಿಸೋಣ ಅಂದೆ. ಪೂಜೆಗೆ ಹೂವು ಬೇಕಲ್ಲ ಅಂತ ಒಬ್ಬರು ಎದ್ದರು. ನಾನೂ ಕೊಯ್ದವಳೇ, ಏನು ಹೇಳಲಿ? ಕೊನೆಗೆ ಮಕ್ಕಳು ಆಡೋ ಜಾಗದ ಪಕ್ಕದ ನಾಲ್ಕು ಗಿಡ ತೆಗೆಸಿದರು. ಗೇಟಿನ ಹತ್ತಿರದ್ದು ಇನ್ನೂ ಇದೆ. ಮಾಲಿ ವಾರಕ್ಕೊಮ್ಮೆ ಬಿದ್ದ ಕಾಯಿ ಆರಿಸ್ತಾನೆ. ಅವನು ಊರಿಗೆ ಹೋದಾಗ ನಾನೇ ಚೀಲ ಹಿಡ್ಕೊಂಡು ಇಳೀತೀನಿ.