ಕೇಳಿ ಕಲಿಯೋಣ, ಆಡಿ ಕಲಿಯೋಣ



ರಷ್ಯನ್ ಭಾಷೆ ನಮ್ಮಂಥವರಿಗೇಕೆ ಎಂದು ಕೆಲವರು ಕೇಳುತ್ತಾರೆ. ನಾಗಪುರಕ್ಕೆ ಬಂದಾಗ ನಮಗೆ ಮರಾಠಿ ಬರುತ್ತಿತ್ತೇ? ಗಿರಾಕಿಗಳ ಮಾತು ಕೇಳಿ, ತಿರುಗಿ ಆಡಿ ಕಲಿತೆವು. ರಷ್ಯನ್ನೂ ಹಾಗೆಯೇ. ಇಬ್ಬಿಬ್ಬರು ಕೂಡಿರಿ, ಒಬ್ಬ ಗಿರಾಕಿ, ಒಬ್ಬ ಮಾಣಿ. ದಿನಕ್ಕೆ ಐದು ಮಾತು ಸಾಕು. "ಎತ ಚಾಯ್" ಎಂದರೆ "ಇದು ಚಹಾ". ನಮ್ಮಲ್ಲಿಯಂತೆ ಅಲ್ಲಿಯೂ ಕ್ರಿಯಾಪದ ಬೇಡ. ಪುಸ್ತಕದಲ್ಲಿ 'ವೊದಾ' ಎಂದು ಬರೆದದ್ದು ಬಾಯಲ್ಲಿ 'ವದಾ' ಆಗುತ್ತದೆ. ಹಾಗೆಂದರೆ ನೀರು, ವಡೆ ತಂದಿಡಬೇಡಿ! ಅದಕ್ಕೇ ಕಿವಿ ಮೊದಲು, ಪುಸ್ತಕ ಆಮೇಲೆ.

ಸೋವಿಯತ್ ನೆರವಿನಿಂದ ಕಟ್ಟಿದ ಭಿಲಾಯಿ ಉಕ್ಕಿನ ಕಾರ್ಖಾನೆ ನಮ್ಮದೇ ರೈಲುದಾರಿಯಲ್ಲಿದೆ. 1959ರಲ್ಲಿ ಅಲ್ಲಿಯ ಮೊದಲ ಊದುಕುಲುಮೆ ಉರಿಯಿತು. ಅಂದು ರಷ್ಯನ್ನರು ಇಲ್ಲಿಗೆ ಬಂದರು. ಈಗ ನಮ್ಮ ಹುಡುಗರು ಅಲ್ಲಿಗೆ ಹೋಗುತ್ತಾರೆ. ಕೆಲಸದ ಆಸೆಗೆ ಹೋಗಿ, ತಿಳಿಯದ ಭಾಷೆಯ ಕರಾರಿಗೆ ಸಹಿ ಹಾಕಿ, ಯುದ್ಧಕ್ಕೆ ಸಿಕ್ಕಿಬಿದ್ದವರ ಸುದ್ದಿ 2024ರಲ್ಲಿ ಬಂತು. ಯುದ್ಧದಲ್ಲಿ ಸಿಕ್ಕಿಕೊಂಡವರಲ್ಲಿ ಕಲಬುರಗಿಯ ತರುಣರೂ ಇದ್ದರು.

ಆದ್ದರಿಂದ ನಾವು ಮೊದಲು ಕಲಿಯಬೇಕಾದ ಮಾತು "ನಿ ಪನಿಮಾಯು", ಅಂದರೆ "ನನಗೆ ತಿಳಿಯುವುದಿಲ್ಲ". ಇದನ್ನು ಹೇಳಲು ನಾಚಬಾರದು. ತಿಳಿಯುವವರೆಗೆ ಸಹಿ ಹಾಕಬಾರದು. ಬನ್ನಿ, ಇಂದೇ ಆರಂಭಿಸೋಣ.