ಕೊರಿಯನ್ ಉಚ್ಚಾರಣೆ ಮತ್ತು ಕನ್ನಡದ ನಾಲಗೆ



ಮೈಸೂರಿನ ಹೆಬ್ಬಾಳಕ್ಕೆ ಕೆಲಸಕ್ಕೆಂದೋ ತರಬೇತಿಗೆಂದೋ ದೇಶದ ನಾನಾ ಭಾಗಗಳಿಂದ ತರುಣ ತರುಣಿಯರು ಬರುತ್ತಾರೆ. ಅವರಲ್ಲಿ ಕೆಲವರು ಆಟೋ ಹತ್ತಿ ‘ಹೆಬ್ಬಲ್’ ಎನ್ನುತ್ತಾರೆ. ಚಾಲಕನಿಗೆ ಅರ್ಥವಾಗುತ್ತದೆ, ಹೇಳಿದವರು ಹೊಸಬರೆಂಬುದೂ ಅದೇ ಕ್ಷಣದಲ್ಲಿ ತಿಳಿದುಹೋಗುತ್ತದೆ. ಆದದ್ದೇನು? ದೀರ್ಘ ಹ್ರಸ್ವವಾಯಿತು, ಳಕಾರ ಲಕಾರವಾಯಿತು, ಕೊನೆಯ ಅಕಾರ ಬಿದ್ದುಹೋಯಿತು. ಫಲಕದ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಅವರು ತಮ್ಮ ಭಾಷೆಯ ಅಭ್ಯಾಸದಂತೆ ಓದಿದರು, ಅಷ್ಟೆ. ನಾವು ಬೇರೊಂದು ಭಾಷೆಯನ್ನು ಕಲಿಯುವಾಗ ಮಾಡುವುದೂ ಇದನ್ನೇ. ಇಂದು ಕೊರಿಯನ್ ಭಾಷೆಯನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸೋಣ.

ಕೊರಿಯದ ಹಾಡು, ಚಲನಚಿತ್ರ, ಧಾರಾವಾಹಿಗಳ ಮೂಲಕ ನಿಮ್ಮಲ್ಲಿ ಅನೇಕರಿಗೆ ಆ ಭಾಷೆಯ ಪರಿಚಯವಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪ್ರೌಢಶಾಲಾ ಹಂತದಲ್ಲಿ ಕಲಿಯಬಹುದಾದ ವಿದೇಶಿ ಭಾಷೆಗಳ ಸಾಲಿನಲ್ಲಿ ಕೊರಿಯನ್ನನ್ನು ಹೆಸರಿಸಿದೆ. ಅದರ ಲಿಪಿಯನ್ನು ಸೆಜೊಂಗ್ ಎಂಬ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಪಡಿಸಿದನು. ಮೂಲ ವ್ಯಂಜನಗಳ ಆಕಾರವು ನಾಲಗೆ, ತುಟಿ, ಗಂಟಲುಗಳ ಸ್ಥಿತಿಯನ್ನು ಹೋಲುತ್ತದೆ. ಕಂಠ್ಯ, ತಾಲವ್ಯ, ದಂತ್ಯ, ಓಷ್ಠ್ಯ ಎಂದು ವರ್ಣಮಾಲೆಯನ್ನು ಕಲಿತ ನಮಗೆ ಆ ಲಿಪಿ ಕೆಲವೇ ದಿನಗಳಲ್ಲಿ ಕೈಗೂಡುತ್ತದೆ. ತೊಡಕು ಆರಂಭವಾಗುವುದು ಆಮೇಲೆ. ಅಕ್ಷರ ಅಕ್ಷರವಾಗಿ ಓದಿದರೆ ಅದು ಕೊರಿಯನ್ನರ ಕಿವಿಗೆ ಮಾತಾಗಿ ಕೇಳುವುದಿಲ್ಲ. ಏಕೆಂದರೆ ಅವರು ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದರೂ ಮಾತಿನಲ್ಲಿ ಸಂಧಿ ಮಾಡುತ್ತಾರೆ.

ಸಂಧಿ ಎಂದೊಡನೆ ನಿಮಗೆ ಪರೀಕ್ಷೆಯ ಎರಡು ಅಂಕಗಳು ನೆನಪಾಗಬಹುದು. ಆ ಎರಡು ಅಂಕದ ಪಾಠ ಇಲ್ಲಿ ಎಷ್ಟು ಉಪಯುಕ್ತವೆಂಬುದನ್ನು ನೋಡಿ. ‘ವಾಕ್’ ಎಂಬುದಕ್ಕೆ ‘ಈಶ’ ಸೇರಿದರೆ ‘ವಾಗೀಶ’. ಇದು ಜಶ್ತ್ವ ಸಂಧಿ. ಕೊರಿಯಕ್ಕೆ ಅಲ್ಲಿನವರ ಹೆಸರು ‘ಹನ್‌ಗುಕ್’. ಅದಕ್ಕೆ ಭಾಷೆ ಎಂಬರ್ಥದ ಒಂದು ಸ್ವರ ಸೇರಿದಾಗ ‘ಹನ್‌ಗುಗೊ’ ಎಂದಾಗುತ್ತದೆ. ‘ವಾಕ್’ಗೆ ‘ಮಯ’ ಸೇರಿದರೆ ‘ವಾಙ್ಮಯ’; ಇದು ಅನುನಾಸಿಕ ಸಂಧಿ. ಕೊರಿಯನ್ನಿನಲ್ಲಿ ‘ಕುಕ್’ ಎಂದರೆ ಸಾರು, ‘ಮುಲ್’ ಎಂದರೆ ನೀರು. ಎರಡೂ ಸೇರಿ ಸಾರಿನ ತಿಳಿಗೆ ‘ಕುಙ್ಮುಲ್’ ಎನ್ನುತ್ತಾರೆ. ಧನ್ಯವಾದ ಹೇಳುವ ‘ಕಮ್ಸಹಮ್ನಿದ’ ಎಂಬ ಮಾತಿನಲ್ಲಿಯೂ ಬರವಣಿಗೆಯಲ್ಲಿರುವುದು ‘ಹಪ್ನಿದ’. ನಕಾರದ ಮುಂದೆ ಪಕಾರ ಮಕಾರವಾಗಿದೆ. ಇನ್ನು ‘ಮಳೆ’ಗೆ ‘ಕಾಲ’ ಸೇರಿ ‘ಮಳೆಗಾಲ’ವಾಗುವಂತೆ, ಮಾಂಸಕ್ಕೆ ಅವರು ಹೇಳುವ ‘ಕೊಗಿ’ ಎಂಬ ಪದದಲ್ಲಿ ಎರಡು ಕಡೆಯೂ ಬರೆಯುವ ವ್ಯಂಜನ ಒಂದೇ. ಮೊದಲಲ್ಲಿ ಅದು ಕಕಾರದಂತೆ, ಸ್ವರಗಳ ನಡುವೆ ಗಕಾರದಂತೆ ಕೇಳುತ್ತದೆ. ಉಸಿರು ಒಂದು ಧ್ವನಿಯಿಂದ ಮತ್ತೊಂದಕ್ಕೆ ಸುಲಭವಾಗಿ ಸಾಗುವ ದಾರಿಯೇ ಸಂಧಿ. ಆ ದಾರಿಯಲ್ಲಿ ನಮ್ಮ ನಾಲಗೆ ಈಗಾಗಲೇ ನಡೆದಿದೆ.

ಆದರೆ ಹಳೆಯ ಅಭ್ಯಾಸ ದಾರಿ ತಪ್ಪಿಸುವ ಜಾಗಗಳೂ ಇವೆ. ಕೊರಿಯನ್ನಿನಲ್ಲಿ ಪದದ ಮೊದಲಿಗೆ ಬರುವ ಪಕಾರ ಮೂರು ಬಗೆ. ಬೆಂಕಿಗೆ ‘ಪುಲ್’, ಕೊಂಬಿಗೆ ‘ಪುಲ್’, ಹುಲ್ಲಿಗೂ ‘ಪುಲ್’. ನಮ್ಮ ಕಿವಿಗೆ ಒಂದೇ ಎನಿಸಿದರೂ ಅವರಿಗೆ ಇವು ಮೂರು ಪದಗಳು. ಉಸಿರು ಹೊರಬಿಡದೆ ಬಿಗಿಯಾಗಿ, ‘ಅಪ್ಪ’ ಎಂಬಲ್ಲಿನ ಒತ್ತಿನಂತೆ ಹೇಳಿದರೆ ಕೊಂಬು. ತುಸು ಉಸಿರು ಸೇರಿಸಿ ಧ್ವನಿಯನ್ನು ತಗ್ಗಿಸಿ ಹೇಳಿದರೆ ಬೆಂಕಿ. ಪೂರ್ಣ ಮಹಾಪ್ರಾಣದೊಡನೆ ಧ್ವನಿಯನ್ನು ಏರಿಸಿ ಹೇಳಿದರೆ ಹುಲ್ಲು. ಹೀಗಾಗಿ ನಾವು ಸಹಜವಾಗಿ ‘ಪ’ ಎಂದರೆ, ಬೆಂಕಿ ಎನ್ನಲು ಹೋಗಿ ಕೊಂಬು ಎಂದಂತಾಗುವುದು. ಆಡುಮಾತಿನಲ್ಲಿ ಮಹಾಪ್ರಾಣವನ್ನು ಕೈಬಿಡುವ ರೂಢಿ ನಮ್ಮಲ್ಲಿ ಅನೇಕರಿಗಿದೆ. ಅದನ್ನು ಇಲ್ಲಿ ಮತ್ತೆ ರೂಢಿಸಿಕೊಳ್ಳಬೇಕು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಮೂರನ್ನೂ ಹೇಳಿ ನೋಡಿ. ಉಸಿರಿನ ವ್ಯತ್ಯಾಸ ಕೈಗೆ ತಿಳಿಯುತ್ತದೆ.

ಅಂದ ಹಾಗೆ, ಕೊರಿಯದ ಮಕ್ಕಳು ತಂದೆಯನ್ನು ಕರೆಯುವ ಪದ ಬಹುಮಟ್ಟಿಗೆ ನಮ್ಮ ‘ಅಪ್ಪ’ದಂತೆಯೇ ಕೇಳುತ್ತದೆ. ಇಂಥ ಹೋಲಿಕೆಗಳನ್ನು ಕಂಡು ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಪಾದ್ರಿ 20ನೆಯ ಶತಮಾನದ ಆರಂಭದಲ್ಲಿ ಕೊರಿಯನ್ ಹಾಗೂ ದ್ರಾವಿಡ ಭಾಷೆಗಳನ್ನು ಹೋಲಿಸಿ ಪುಸ್ತಕವನ್ನೇ ಬರೆದನು. ಇಂದಿನ ಭಾಷಾವಿಜ್ಞಾನಿಗಳು ಆ ನಂಟನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಂಟಿಲ್ಲದಿದ್ದರೂ ನಾಲಗೆಗೆ ಆ ಹೋಲಿಕೆಯಿಂದ ನೆರವುಂಟು.

ಎರಡನೆಯ ತೊಡಕು ಪದದ ಕೊನೆಯದು. ಹಳಗನ್ನಡದ ಕಣ್, ಕಾಲ್, ನೀರ್ ಎಂಬ ಪದಗಳು ಹೊಸಗನ್ನಡದಲ್ಲಿ ಕಣ್ಣು, ಕಾಲು, ನೀರು ಆದವು. ಆ ಅಭ್ಯಾಸದಿಂದಲೇ ನಾವು ಬಸ್ಸು, ಕಾರು ಎನ್ನುತ್ತೇವೆ. ಕೊರಿಯನ್ನಿನಲ್ಲಿ ಅನ್ನಕ್ಕೆ ‘ಪಪ್’ ಎನ್ನುತ್ತಾರೆ. ಅದನ್ನು ‘ಪಪ್ಪು’ ಎಂದರೆ ಬೇರೆಯೇ ಆಗುತ್ತದೆ. ಕೊನೆಯ ಪಕಾರಕ್ಕೆ ತುಟಿ ಮುಚ್ಚಬೇಕು, ಮುಚ್ಚಿದ್ದನ್ನು ತೆರೆಯಬಾರದು. ಇನ್ನೊಂದು ಸ್ವರ ತುಟಿಯನ್ನು ದುಂಡಗೆ ಮಾಡದೆ ಹೇಳುವ ಉಕಾರ. ಕರಾವಳಿಯ ವಿದ್ಯಾರ್ಥಿಗಳಿಗೆ ಇದು ಸುಲಭ. ತುಳು ಪದಗಳ ಕೊನೆಯಲ್ಲಿ ಕೇಳುವ ಅರೆ ಉಕಾರ ಇದಕ್ಕೆ ಬಲು ಸಮೀಪ.

ಹಾಗಾದರೆ ಅಭ್ಯಾಸ ಹೇಗೆ? ಬಿಡಿ ಪದಗಳನ್ನು ಉರು ಹೊಡೆಯದೆ ಒಂದು ಚಿಕ್ಕ ವಾಕ್ಯವನ್ನು ಆರಿಸಿಕೊಳ್ಳಿ. ಬರಹವನ್ನು ಮುಚ್ಚಿಟ್ಟು ಹತ್ತಾರು ಸಲ ಕೇಳಿ. ಬಳಿಕ ಹೇಳುವವರ ಧ್ವನಿಯ ಬೆನ್ನಿಗೇ, ಅವರ ಏರಿಳಿತವನ್ನೂ ನಿಲುಗಡೆಯನ್ನೂ ಅನುಸರಿಸಿ ಹೇಳಿ. ನಿಮ್ಮ ಧ್ವನಿಯನ್ನು ಮುದ್ರಿಸಿಕೊಂಡು ಮೂಲದೊಡನೆ ಹೋಲಿಸಿ. ಕೊನೆಗೆ ಬರಹವನ್ನು ತೆರೆದು, ಎಲ್ಲೆಲ್ಲಿ ಸಂಧಿಯಾಗಿದೆಯೆಂದು ಗುರುತಿಸಿ. ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನವೂ ಬೇಕು. ಒಬ್ಬ ಗೆಳೆಯನೋ ಗೆಳತಿಯೋ ಕೇಳಿ ತಿದ್ದುವಂತಿದ್ದರೆ ಇನ್ನೂ ಒಳ್ಳೆಯದು.

ಕೊರಿಯನ್ನರಂತೆಯೇ ಮಾತನಾಡಿ ಅವರನ್ನು ಬೆರಗುಗೊಳಿಸಬೇಕೆಂಬುದು ನಮ್ಮ ಗುರಿಯಲ್ಲ. ಕೇಳುವವರಿಗೆ ಆಯಾಸವಾಗದಂತೆ ಮಾತನಾಡುವುದು ಅವರಿಗೆ ನಾವು ಸಲ್ಲಿಸುವ ಗೌರವ. ಅದಕ್ಕಾಗಿ ಕನ್ನಡವನ್ನು ಮರೆಯಬೇಕಾಗಿಲ್ಲ. ಕನ್ನಡವನ್ನು ಇನ್ನಷ್ಟು ಎಚ್ಚರದಿಂದ ಕೇಳಿಸಿಕೊಳ್ಳಬೇಕು. ನಾಳೆ ನಿಮ್ಮೆದುರು ಯಾರಾದರೂ ‘ಹೆಬ್ಬಲ್’ ಎಂದರೆ ನಗಬೇಡಿ. ‘ಹೆಬ್ಬಾಳ’ ಎಂದು ನಿಧಾನವಾಗಿ ಎರಡು ಸಲ ಹೇಳಿಕೊಡಿ. ನಾಲಗೆಯನ್ನು ಮೇಲಕ್ಕೆ ಮಡಿಸಿ ಳಕಾರ ಹೇಳಲು ಅವರು ಪಡುವ ಪ್ರಯತ್ನದಲ್ಲಿ ನಿಮಗೆ ನಿಮ್ಮದೇ ಪ್ರಯತ್ನ ಕಾಣಿಸುತ್ತದೆ.