ಜ್ವರದ ಮಾತ್ರೆ ಮಾಡುವ ಕೆಲಸ, ಮಾಡದ ಕೆಲಸ



ಜ್ವರ ಬಂದರೆ ನಾವು ರೈತರು ಏನು ಮಾಡ್ತೀವಿ? ಅಂಗಡಿಯಿಂದ ಒಂದು ಮಾತ್ರೆ ತಂದು ನುಂಗಿ, ಬೆವರು ಬಿಟ್ಟ ಕೂಡಲೇ ಗದ್ದೆಗೆ ಇಳೀತೀವಿ. ಆ ಮಾತ್ರೆ ಏನು ಮಾಡುತ್ತದೆ ಅನ್ನೋದನ್ನು ತಿಳಿದಿರಬೇಕು.

ಮೈಯ ಬಿಸಿಯನ್ನು ಸುಮಾರು 98.6 ಡಿಗ್ರಿಯ ಮಟ್ಟದಲ್ಲಿ ಇಡುವ ಜಾಗ ಮಿದುಳಿನಲ್ಲಿದೆ. ರೋಗಾಣು ಹೊಕ್ಕಾಗ ದೇಹದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚಿ ಆ ಮಟ್ಟವನ್ನು ಏರಿಸುತ್ತದೆ. ಅದಕ್ಕೇ ಮೈ ಸುಡುತ್ತಿದ್ದರೂ ಚಳಿ, ನಡುಕ. ಪ್ಯಾರಸಿಟಮಾಲ್ ಆ ರಾಸಾಯನಿಕವನ್ನು ತಗ್ಗಿಸುತ್ತದೆ. ಬೆವರು ಬಂದು ಮೈ ತಣ್ಣಗಾಗುತ್ತದೆ. ಅದೂ ನಾಲ್ಕಾರು ಗಂಟೆ ಅಷ್ಟೇ. ರೋಗಾಣು ಮಾತ್ರ ಅದರಿಂದ ಸಾಯೋದಿಲ್ಲ.

ಡೆಂಗಿಯಲ್ಲಂತೂ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ಆಗ ರಕ್ತಸ್ರಾವ ಹೆಚ್ಚಿಸಬಹುದು, ಬೇಡ. ಪ್ಯಾರಸಿಟಮಾಲೂ ಅತಿಯಾದರೆ ಲಿವರ್ ಕೆಡುತ್ತದೆ. ಮಕ್ಕಳಿಗೆ ತೂಕ ನೋಡಿಯೇ ಕೊಡಬೇಕು.

ಎರಡು ದಿನ ದಾಟಿದ ಜ್ವರಕ್ಕೆ ಡಾಕ್ಟರಿಗೆ ತೋರಿಸಿ, ರಕ್ತಪರೀಕ್ಷೆ ಮಾಡಿಸಿ. ಒಂದು ದಿನದ ಕೆಲಸ ಕೆಟ್ಟರೆ ಕೆಡಲಿ. ಮನೆ ನಡೆಸೋರೇ ಹೋದರೆ ಯಾವ ಸಂಘದ ಸಾಲವೂ ಅವರನ್ನು ತಂದುಕೊಡೋದಿಲ್ಲ.